ವೀಲುನಾಮೆ ಉಂಟಲ್ಲ, ಮತ್ತೆಂಥ?

ಸುಳ್ಯ ತಾಲೂಕಿನ ಗುತ್ತಿಗಾರಿನಲ್ಲಿ ಅಡಿಕೆ ಮರ ಹತ್ತಿ ಮದ್ದು ಬಿಡುವವರು ಸಿಗುವುದು ಈಗ ಕಷ್ಟ. ಆಸ್ತಿ ಪಾಲಿನ ವಿಷಯದಲ್ಲಿ ಸಲಹೆ ಕೊಡುವವರಿಗೆ ಮಾತ್ರ ಬರಗಾಲವಿಲ್ಲ. ಯಜಮಾನರ ಬೊಜ್ಜ (ಉತ್ತರಕ್ರಿಯೆ) ಮುಗಿಯುವ ಮೊದಲೇ ಹೋಟೆಲಿನ ಬೆಂಚಿನಲ್ಲಿ ಅರ್ಧ ತೀರ್ಪು ಬಂದಿರುತ್ತದೆ. "ವೀಲುನಾಮೆ ಉಂಟಲ್ಲ, ಮತ್ತೆಂಥ?" ಎಂದು ಒಬ್ಬರು. "ರಿಜಿಸ್ಟ್ರಿ ಆಗದಿದ್ದರೆ ಅದು ಬರೀ ಕಾಗದ ಮಾರಾಯ್ರೆ" ಎಂದು ಇನ್ನೊಬ್ಬರು. ಇಬ್ಬರೂ ತಪ್ಪು. ವೀಲುನಾಮೆಗೆ ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಕಡ್ಡಾಯ. ಇನ್ನು ಪಿತ್ರಾರ್ಜಿತವಾದರೆ ತಂದೆ ಬರೆದಿಡಬಹುದಾದದ್ದು ತನ್ನ ಪಾಲನ್ನಷ್ಟೇ, ಇಡೀ ತೋಟವನ್ನಲ್ಲ.

ಊರು ಬಿಟ್ಟ ಮಕ್ಕಳು ಬೆಂಗಳೂರಿನಿಂದಲೋ ಅಮೆರಿಕದಿಂದಲೋ ಫೋನು ಮಾಡಿ, ಒಳ್ಳೆಯ ಪ್ರೊಬೇಟ್ ವಕೀಲರು ಯಾರಿದ್ದಾರೆ ಎಂದು ವಿಚಾರಿಸುತ್ತಾರೆ. ಅಂಥ ಬೋರ್ಡನ್ನು ನಾನು ಸುಳ್ಯದಲ್ಲೂ ಕಂಡಿಲ್ಲ, ಪುತ್ತೂರಿನಲ್ಲೂ ಕಂಡಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಹಿಂದೂಗಳ ವೀಲುನಾಮೆಗೆ ಪ್ರೊಬೇಟ್, ಅಂದರೆ ಕೋರ್ಟಿನ ದೃಢೀಕರಣ, ಕಡ್ಡಾಯ ಮಾಡಿದ್ದದ್ದು 2025ರ ತನಕ, ಅದೂ ಹಳೆಯ ಬಂಗಾಳಕ್ಕೆ, ಮದ್ರಾಸ್, ಬೊಂಬಾಯಿ ನಗರಗಳಿಗೆ. ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದದ್ದು ಹೌದು, ಮದ್ರಾಸ್ ಪೇಟೆಯಲ್ಲಿ ಇರಲಿಲ್ಲವಲ್ಲ! ನಮಗೆ ಬೇಕಾದವರು ಸಿವಿಲ್ ವಕೀಲರು. ಅದರಲ್ಲೂ ಈ ಜಿಲ್ಲೆಯ ಜಮೀನಿನ ಕಾಗದ ಓದಬಲ್ಲವರು.

ಯಾಕೆಂದರೆ ಇಲ್ಲಿನ ಆಸ್ತಿಯೇ ಒಂದು ಬಗೆ. ಅಪ್ಪ "ನಮ್ಮ ಗುಡ್ಡೆ" ಎಂದು ಬದುಕಿಡೀ ಹೇಳಿ, ಸೊಪ್ಪು ಸೌದೆ ತಂದು, ಕೊನೆಗೆ ಗೇರೋ ರಬ್ಬರೋ ನೆಟ್ಟ ಜಾಗ ದಾಖಲೆಯಲ್ಲಿ ಕುಮ್ಕಿ ಆಗಿರುತ್ತದೆ. ವರ್ಗ (ಪಟ್ಟಾ) ಜಮೀನಿನಿಂದ ನೂರು ಗಜದವರೆಗಿನ ಆ ಭೂಮಿ ಸರಕಾರದ್ದು. ವರ್ಗದಾರನಿಗಿರುವುದು ಸವಲತ್ತು ಮಾತ್ರ. ಅದನ್ನು ಕಿರಿಯ ಮಗನಿಗೆಂದು ಚಂದದ ಅಕ್ಷರದಲ್ಲಿ ಬರೆದಿಟ್ಟರೆ ಕಿರಿಯವನಿಗೆ ಸಿಗುವುದು ಅಕ್ಷರವೇ. ಕುಮ್ಕಿ ಎಷ್ಟು, ವರ್ಗ ಎಷ್ಟು, ಅಕ್ರಮ ಸಕ್ರಮದಲ್ಲಿ ಮಂಜೂರಾದದ್ದು ಎಷ್ಟು ಎಂದು ಮೊದಲ ಭೇಟಿಯಲ್ಲೇ ಕೇಳದ ವಕೀಲರ ಮೇಲೆ ನನಗೆ ಅಷ್ಟು ನಂಬಿಕೆ ಬರುವುದಿಲ್ಲ.

ಎರಡನೆಯ ಪ್ರಶ್ನೆ ಅಕ್ಕತಂಗಿಯರದ್ದು. "ಮದುವೆಗೆ ಚಿನ್ನ ಹಾಕಿ ಆಗಿದೆ" ಎಂಬ ವಾದ ಜಗಲಿಯಲ್ಲಿ ನಡೆದೀತು, ಕೋರ್ಟಿನಲ್ಲಿ ನಡೆಯದು. ಪಿತ್ರಾರ್ಜಿತದಲ್ಲಿ ಮಗಳು ಮಗನಷ್ಟೇ ಹಕ್ಕುದಾರಳು ಎಂದು 2005ರ ತಿದ್ದುಪಡಿ ಹೇಳಿತು. ಅಪ್ಪ ಆಗ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪೌತಿ ಖಾತೆಯಲ್ಲಿ ಅಣ್ಣನ ಹೆಸರೊಂದೇ ಬಂದ ಮಾತ್ರಕ್ಕೆ ತಂಗಿಯ ಹಕ್ಕು ಹೋಗುವುದಿಲ್ಲ. ಖಾತೆ ಇರುವುದು ಕಂದಾಯದ ಲೆಕ್ಕಕ್ಕೆ.

ವೀಲುನಾಮೆ ಬರೆಸುವಾಗ ಪಕ್ಕದಲ್ಲೇ ಕೂತು ಉಸ್ತುವಾರಿ ವಹಿಸಿದ ಮಗನೂ ಸ್ವಲ್ಪ ಹೆದರಬೇಕು. ಮೈಸೂರು ಸೀಮೆಯ ಲಕ್ಷ್ಮಮ್ಮನವರು 1945ರಲ್ಲಿ ಬರೆದರೆನ್ನಲಾದ ವೀಲುನಾಮೆ 1958ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ವೀಲುನಾಮೆ ಮುಂದಿಟ್ಟವರೇ ಅದನ್ನು ಬರೆಸುವುದರಲ್ಲಿ ಮುಂದಾಳಾಗಿದ್ದರು. ಅದರಿಂದ ಹುಟ್ಟಿದ ಸಂಶಯವನ್ನು ನಿವಾರಿಸಲು ಅವರಿಂದ ಆಗಲಿಲ್ಲ. ಇಂದಿಗೂ ವಕೀಲರು ಆ ತೀರ್ಪನ್ನು ಎತ್ತಿ ತೋರಿಸುತ್ತಾರೆ.

ಹಳದಿ ಎಲೆ ರೋಗಕ್ಕೆ ತೋಟ ಸತ್ತರೂ ಪಾಲಿನ ದಾವೆ ಸಾಯುವುದಿಲ್ಲ. ಆದ್ದರಿಂದ ಎಲಿಮಲೆ ದಾರಿಯಾಗಿ ಸುಳ್ಯಕ್ಕೆ ಹೊರಡುವ ಮೊದಲು ಮರಣಪತ್ರ, ವಂಶವೃಕ್ಷ, ಪಹಣಿ, ಹಳೆಯ ಪಾಲುಪಟ್ಟಿ ಚೀಲಕ್ಕೆ ಹಾಕಿಕೊಳ್ಳಿ. ಸಾಧ್ಯವಾದರೆ ತಂಗಿಯನ್ನೂ ಕರೆದುಕೊಳ್ಳಿ. "ನಾಳೆಯೇ ದಾವೆ ಹಾಕುವ" ಎನ್ನುವವರ ಕಚೇರಿಯಲ್ಲಿ ಚಹಾ ಕುಡಿದು ಎದ್ದು ಬನ್ನಿ. ಕಾಗದ ಪೂರ್ತಿ ಓದಿ, "ಮೊದಲು ಕೂತು ಮಾತಾಡಿ" ಎನ್ನುವವರಿಗೆ ವಕಾಲತ್ತು ಕೊಡಿ.