ಉಣ್ಣೆ ಹೆಕ್ಕುವ ಹಕ್ಕಿ, ಹುಣ್ಣು ಕುಕ್ಕುವ ಹಕ್ಕಿ

ಲಂಡನ್ನಿನ ರಿಚ್ಮಂಡ್ ಪಾರ್ಕಿನಲ್ಲಿ 600ಕ್ಕೂ ಹೆಚ್ಚು ಜಿಂಕೆಗಳಿವೆ. 1637ರಲ್ಲಿ ಒಂದನೇ ಚಾರ್ಲ್ಸ್ ದೊರೆ ಬೇಟೆಗೆಂದು ಬೇಲಿ ಹಾಕಿಸಿಕೊಂಡ ಜಾಗ ಅದು. ವಸಂತದಲ್ಲಿ ಆ ಜಿಂಕೆಗಳ ಬೆನ್ನೇರಿ ಜಾಕ್‌ಡಾ ಕೂರುತ್ತದೆ. ಕಾಗೆ ಜಾತಿಯದೇ, ಗಾತ್ರ ಸಣ್ಣದು, ಕತ್ತು ಬೂದಿ, ಕಣ್ಣು ಬಿಳಿಚು. ಗೂಡಿಗೆ ಕೂದಲು ಕೀಳುತ್ತದೆ, ಸಿಕ್ಕರೆ ಉಣ್ಣೆಹುಳವನ್ನೂ ಹೆಕ್ಕುತ್ತದೆ. ಕ್ಯಾಮೆರಾ ಹಿಡಿದವರ ಪಾಲಿಗೆ ಅದು ಅಪರೂಪದ ಗೆಳೆತನ.

ನನಗೆ ಮಾತ್ರ ನಮ್ಮ ಕಡೆಯ ಎತ್ತುಗಳ ಹೆಗಲ ಹುಣ್ಣು ನೆನಪಾಗುತ್ತದೆ. ನೊಗ ಉಜ್ಜಿ ಆದ ಗಾಯಕ್ಕೆ ಬೇವಿನೆಣ್ಣೆ ಹಚ್ಚಿದರೆ ಮುಗಿಯುವುದಿಲ್ಲ, ಕಾಗೆಯನ್ನೂ ಕಾಯಬೇಕು. ಹಕ್ಕಳೆಯಡಿ ಹೊಸ ಚರ್ಮ ಕೂಡುತ್ತಿರುವಾಗಲೇ ಕಾಗೆ ಅದನ್ನು ಕಿತ್ತರೆ ಗಾಯ ಮತ್ತೆ ಹಸಿ. ಅದರ ಮೇಲೆ ನೊಣ ಮೊಟ್ಟೆಯಿಟ್ಟರೆ ಹುಳ ಬಿತ್ತೆಂದೇ ಲೆಕ್ಕ. ಎತ್ತಿನ ಹುಣ್ಣಿನ ನೋವು ಕಾಗೆಗೇನು ಗೊತ್ತು ಅನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ!

ಆಫ್ರಿಕಾದ ಆಕ್ಸ್‌ಪೆಕರ್ ಹಕ್ಕಿಗೆ ಉಣ್ಣೆ ತಿನ್ನುವ ಉಪಕಾರಿ ಎಂಬ ಹೆಸರಿತ್ತು. ಪಾಲ್ ವೀಕ್ಸ್ ಎಂಬ ಸಂಶೋಧಕರು ಜಿಂಬಾಬ್ವೆಯಲ್ಲಿ ಕೆಲವು ದನಗಳ ಹತ್ತಿರ ಅದು ಸುಳಿಯದಂತೆ ಮಾಡಿ ನೋಡಿದರು. 2000ದಲ್ಲಿ ಫಲಿತಾಂಶ ಪ್ರಕಟವಾಯಿತು: ಹಕ್ಕಿಯಿಲ್ಲದ ದನಗಳಲ್ಲಿ ಉಣ್ಣೆ ಹೆಚ್ಚಲಿಲ್ಲ, ಗಾಯಗಳು ಮಾತ್ರ ಕಡಿಮೆಯಾದವು. ಹಕ್ಕಿಗೆ ರಕ್ತದ ರುಚಿ ಹತ್ತಿತ್ತು.

ಹಾಗಂತ ಬೆಳ್ಳಕ್ಕಿಯನ್ನೂ ಓಡಿಸಬೇಡಿ. ಅದರ ಕಣ್ಣಿರುವುದು ದನ ಹೆಜ್ಜೆಯಿಟ್ಟಾಗ ಹಾರುವ ಮಿಡತೆಯ ಮೇಲೆ.