ಥಂಡಿಯಲ್ಲಿ ಗಾಣಗಾಪುರಕ್ಕೆ ನಡೆಯುವ ಮುನ್ನ

ಕಲಬುರಗಿ ಸೀಮೆ ಎಂದರೆ ಬರೀ ಬಿಸಿಲು ಎಂದುಕೊಂಡವರು ಮಾರ್ಗಶಿರ ಮಾಸದಲ್ಲಿ ಒಮ್ಮೆ ನಮ್ಮ ಅಫಜಲಪುರ ತಾಲ್ಲೂಕಿಗೆ ಬರಬೇಕು. ನಸುಕಿನಲ್ಲಿ ಭೀಮಾ ದಂಡೆಯ ಗಾಳಿ ಕೌದಿಯೊಳಗೂ ನುಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದೇ ದಾರಿಯಲ್ಲಿ ಬಿಸಿಲು ಚುರುಗುಟ್ಟುತ್ತದೆ.

ಈ ತಿಂಗಳ ಹುಣ್ಣಿಮೆಗೆ ದತ್ತ ಜಯಂತಿ. ಭೀಮಾ, ಅಮರ್ಜಾ ನದಿಗಳು ಕೂಡುವ ಗಾಣಗಾಪುರದಲ್ಲಿ ನಿರ್ಗುಣ ಪಾದುಕೆಗಳ ದರ್ಶನಕ್ಕೆ ಎಷ್ಟೋ ಜನ ನಡೆದೇ ಬರುತ್ತಾರೆ. ಕಲಬುರಗಿಯಿಂದ ಚೌಡಾಪುರದ ಮೇಲೆ ಹಾದು ಬಂದರೆ ಸುಮಾರು 40 ಕಿ.ಮೀ. ದಾರಿ. ಮ್ಯಾರಥಾನ್ ಓಟದ ದೂರ 42.195 ಕಿ.ಮೀ. ಅಂದರೆ ನಮ್ಮ ಹಳ್ಳಿಯ ಅವ್ವಂದಿರು ಹೆಸರು ಗೊತ್ತಿಲ್ಲದೆಯೇ ಹೆಚ್ಚುಕಡಿಮೆ ಒಂದು ಮ್ಯಾರಥಾನ್ ಮುಗಿಸುತ್ತಾರೆ!

ಕಳೆದ ವರ್ಷ ನಮ್ಮವ್ವನೂ ಹರಕೆ ಹೊತ್ತಳು. ವಯಸ್ಸು 63, ಮೇಲೆ ಸಕ್ಕರೆ ಕಾಯಿಲೆ. "ಬರಿಗಾಲಲ್ಲೇ ನಡೀತೀನಿ" ಅಂದಳು. ಡಾಕ್ಟರು ಒಪ್ಪಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಮೊದಲೇ ಕಡಿಮೆ. ಥಂಡಿ ರಸ್ತೆಯಲ್ಲಿ ಕಾಲು ಇನ್ನಷ್ಟು ಜೋಮು ಹಿಡಿದರೆ ಗಾಯವಾದದ್ದೂ ತಿಳಿಯುವುದಿಲ್ಲ. ಅವ್ವ ಒಂದು ದಿನ ಸುಮ್ಮನಿದ್ದು, "ಹರಕೀನೂ ನಂದು, ಕಾಲೂ ನಂದು. ಎರಡೂ ಉಳೀಬೇಕಲ್ಲ, ಬೂಟು ತಗೊಂಡು ಬಾ" ಅಂದಳು.

ದೀಪಾವಳಿ ಮುಗಿದ ಮೇಲೆ ತಯಾರಿ ಶುರು. ಮೊದಲ ವಾರ ದಿನಕ್ಕೆ 3 ಕಿ.ಮೀ. ವಾರಕ್ಕೊಮ್ಮೆ ಸ್ವಲ್ಪ ಜಾಸ್ತಿ, ಕೊನೆಯ ವಾರ ಮತ್ತೆ ಕಡಿಮೆ. ಹೊಸ ಬೂಟನ್ನು ಈ ದಿನಗಳಲ್ಲೇ ಕಾಲಿಗೆ ಹೊಂದಿಸಿಕೊಂಡಳು.

ಕೆನಡಾದ ಯೂಕಾನ್ ಸೀಮೆಯಲ್ಲಿ ಮೈನಸ್ 40 ಡಿಗ್ರಿ ಚಳಿಯಲ್ಲೂ ನೂರಾರು ಮೈಲಿಯ ಅಲ್ಟ್ರಾ ಮ್ಯಾರಥಾನ್ ನಡೆಯುತ್ತದೆ. ಅಂಥ ಓಟಗಾರರ ಮೊದಲ ಪಾಠ, ಬೆವರಬೇಡಿ ಎಂಬುದು. ಒದ್ದೆ ಬಟ್ಟೆ ಮೈಯ ಕಾವನ್ನು ಬೇಗ ಕದಿಯುತ್ತದೆ. ನಮ್ಮ ಥಂಡಿ ಅಷ್ಟಿಲ್ಲದಿದ್ದರೂ ಪಾಠ ಅದೇ. ಒಂದೇ ದಪ್ಪ ಸ್ವೆಟರ್ ಬದಲು ತೆಳುವಾದ ಎರಡು ಹಾಕಿಕೊಳ್ಳಿ, ಬಿಸಿಲೇರಿದಂತೆ ಒಂದೊಂದೇ ತೆಗೆಯಿರಿ. ಒಣ ಕಾಲುಚೀಲ ಎರಡು ಜೊತೆ ಇರಲಿ. ಥಂಡಿಯಲ್ಲಿ ನೀರಡಿಕೆ ಗೊತ್ತಾಗುವುದಿಲ್ಲ, ಆದರೂ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಿ. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಗಿಂತ ಒಳ್ಳೆಯದು ಬೇರೆ ಬೇಕೇ? ಸಕ್ಕರೆ ಕಾಯಿಲೆಯವರ ಜೇಬಿನಲ್ಲಿ ಗ್ಲೂಕೋಸ್ ಇಲ್ಲವೇ ಬೆಲ್ಲದ ಚೂರು ಇರಲೇಬೇಕು. ಸಕ್ಕರೆ ಒಮ್ಮೆಲೇ ಇಳಿದರೆ ಅದೇ ಆಸರೆ.

ಥಂಡಿಗಿಂತ ನನಗೆ ಹೆದರಿಕೆಯಿದ್ದದ್ದು ಕಬ್ಬಿನ ಟ್ರ್ಯಾಕ್ಟರುಗಳದು. ಇದು ಕಬ್ಬು ಕಡಿಯುವ ಕಾಲ, ನಸುಕಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಬರುತ್ತವೆ. ಅವ್ವನ ಬೆನ್ನಿಗೆ ಹೊಳೆಯುವ ಪಟ್ಟಿ ಅಂಟಿಸಿದೆ. ಎದುರಿನ ಗಾಡಿ ಕಾಣುವಂತೆ ರಸ್ತೆಯ ಬಲಗಡೆ ನಡೆದೆವು.

ದಾರಿಯನ್ನು ಎರಡು ದಿನಕ್ಕೆ ಹಂಚಿಕೊಂಡಿದ್ದೆವು. ಎರಡು ತಾಸಿಗೊಮ್ಮೆ ಕೂತು ಪಾದ ನೋಡುವುದು, ಗುಳ್ಳೆ ಎದ್ದರೆ ಬಸ್ಸು ಹತ್ತುವುದು ಎಂಬ ಕರಾರೂ ಆಗಿತ್ತು. ಚೌಡಾಪುರ ದಾಟುವಾಗ ಎಡ ಹಿಮ್ಮಡಿಯಲ್ಲಿ ಗುಳ್ಳೆ ಕಂಡಿತು. ಅವ್ವನಿಗೆ ನೋವೇ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ, "ಬಸ್ಸಿಗೆ ಕೈ ಮಾಡು" ಅಂದಳು.

ಸಂಗಮದಲ್ಲಿ ನೀರಿಗಿಳಿಯದೆ ತಲೆಗೆ ಪ್ರೋಕ್ಷಣೆ ಮಾಡಿಕೊಂಡಳು. ಗುಳ್ಳೆ ವಾರದಲ್ಲಿ ಮಾಯಿತು. ಉಳಿದ ದಾರಿ ಈ ವರ್ಷಕ್ಕೆ ಬಾಕಿಯಿದೆ. ಮೊನ್ನೆಯಿಂದ ಅವ್ವ ಮತ್ತೆ ಬೂಟು ಹಾಕಿಕೊಂಡು ಹೊಲದ ದಾರಿ ಹಿಡಿದಿದ್ದಾಳೆ.