ಹಕ್ಕ-ಬುಕ್ಕರ ಸಹವಾಸ

ನಾಯಿ ಸಾಕಿದವರನ್ನು ಬಲ್ಲೆ. ಬೆಕ್ಕು ಸಾಕಿದವರನ್ನೂ ಬಲ್ಲೆ. ಆದರೆ ನಲವತ್ತೇಳನೆಯ ವಯಸ್ಸಿನಲ್ಲಿ, ಹೊಸಪೇಟೆಯ ನಟ್ಟನಡುವೆ, ಆಸ್ಟ್ರೇಲಿಯಾ ಖಂಡದ ಪ್ರಾಣಿಯೊಂದರ ಕೃಪಾಕಟಾಕ್ಷಕ್ಕಾಗಿ ಎದೆಗೆ ಬಟ್ಟೆಯ ಚೀಲ ಕಟ್ಟಿಕೊಂಡು ಓಡಾಡುವ ಯೋಗ ನನ್ನ ಜಾತಕದಲ್ಲಿದೆಯೆಂದು ಯಾರಾದರೂ ಹೇಳಿದ್ದರೆ, ಹಾಗೆ ಹೇಳಿದವನ ಪಂಚಾಂಗವನ್ನೇ ಸಂಶಯಿಸುತ್ತಿದ್ದೆ.

ನನ್ನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ವರ್ಷ ದೀಪಾವಳಿ ಕಳೆದು ಎರಡು ವಾರಕ್ಕೆ, ಒಂದು ದೊಡ್ಡ ಪಂಜರದೊಡನೆ ರೈಲಿನಿಂದ ಇಳಿದಳು. ಒಳಗೆ ಬೂದುಬಣ್ಣದ ಎರಡು ಪುಟ್ಟ ಜೀವಗಳು. ಷುಗರ್ ಗ್ಲೈಡರ್ ಎಂದು ಹೆಸರಂತೆ. ಅವಳಿದ್ದ ಮನೆಯ ಮಾಲೀಕರು, ‘ಪ್ರಾಣಿಗಳು ಇರಬೇಕು, ಇಲ್ಲವೆ ನೀವು ಇರಬೇಕು’ ಎಂದರಂತೆ. ಬೇರೆ ಮನೆ ಸಿಕ್ಕುವವರೆಗೆ ಅಪ್ಪನೇ ಗತಿ.

ನೋಡಲು ಅಳಿಲಿನಂತಿದ್ದರೂ ಇದು ಅಳಿಲಲ್ಲ, ಕಾಂಗರೂವಿನ ದೂರದ ನೆಂಟ. ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಜಾತಿ. ತೂಕ 100ರಿಂದ 150 ಗ್ರಾಂ. ಮುಂಗಾಲಿನಿಂದ ಹಿಂಗಾಲಿನವರೆಗೆ ಪಕ್ಕೆಯುದ್ದಕ್ಕೂ ಚರ್ಮದ ಪರದೆ. ಅದನ್ನು ಬಿಚ್ಚಿಕೊಂಡು ಮರದಿಂದ ಮರಕ್ಕೆ 50 ಮೀಟರಿನವರೆಗೂ ತೇಲಬಲ್ಲದಂತೆ. ನಮ್ಮ ಹಜಾರದ ಉದ್ದ ಐದು ಮೀಟರು! ಬೆಳೆದ ಗಂಡಿಗೆ ನೆತ್ತಿಯ ಮೇಲೊಂದು ಬೋಳು; ಅದು ವಾಸನೆಯ ಗ್ರಂಥಿ. ನನ್ನ ನೆತ್ತಿಯ ಬೋಳಿಗೆ ಅಂಥ ಯಾವ ಪ್ರಯೋಜನವೂ ಇಲ್ಲ. ಎರಡೂ ಗಂಡು, ಒಡಹುಟ್ಟಿದವು. ವಿಜಯನಗರದ ಸೀಮೆಗೆ ಬಂದ ಅಣ್ಣತಮ್ಮಂದಿರಿಗೆ ಹಕ್ಕ, ಬುಕ್ಕ ಎಂಬುದಲ್ಲದೆ ಬೇರೆ ಹೆಸರು ಉಂಟೆ?

ಸಾಮ್ರಾಜ್ಯ ಕಟ್ಟಿದವರ ಹೆಸರಿಟ್ಟೆವೇ ಹೊರತು ಅವುಗಳಲ್ಲಿ ಆ ಧೈರ್ಯವಿರಲಿಲ್ಲ. ಹಗಲೆಲ್ಲ ಗೂಡಿನಲ್ಲಿ ಮುದುಡಿ ಮಲಗುವುದು. ಕೈ ಸಮೀಪಿಸಿದರೆ ಹಿಂಗಾಲ ಮೇಲೆ ನಿಂತು ಗರಗಸ ಎಳೆದಂತೆ ಕಿರಿಚುವುದು. ಅಷ್ಟು ಚಿಕ್ಕ ಗಂಟಲಿನಿಂದ ಅಷ್ಟು ದೊಡ್ಡ ಸದ್ದು! ಅದು ಕೋಪವಲ್ಲ, ಭಯ ಎಂದು ಮಗಳು ಹೇಳಿಯೇ ಹೋಗಿದ್ದಳು. ನಾನು ಮೇಷ್ಟರು, ಗದ್ದಲವನ್ನು ಅವಿಧೇಯತೆಯೆಂದು ತಿಳಿದೇ ಇಪ್ಪತ್ತು ವರ್ಷ ಕಳೆದವನು. ಮೂರನೆಯ ದಿನ ಟವೆಲು ಹೊದಿಸಿ ಹಕ್ಕನನ್ನು ಹಿಡಿದೆ. ಅವನು ಟವೆಲಿನೊಳಗಿನಿಂದಲೇ ನನ್ನ ತೋರುಬೆರಳನ್ನು ಕಚ್ಚಿದ. ನಾನು ಕೈ ಕೊಡವಿದೆ. ಅವನು ಬಿದ್ದ. ಪೆಟ್ಟಾಗಲಿಲ್ಲ, ಆದರೆ ಆಮೇಲೆ ಎರಡು ದಿನ ಗೂಡಿನಿಂದ ಹೊರಗೆ ಬರಲಿಲ್ಲ, ಇಟ್ಟ ಹಣ್ಣು ಇಟ್ಟಂತೆಯೇ ಇತ್ತು. ಇಷ್ಟು ಚಿಕ್ಕ ಪ್ರಾಣಿ ಎರಡು ದಿನ ಉಪವಾಸವಿದ್ದರೆ ಏನಾಗುತ್ತದೆಂಬುದನ್ನು ಮಗಳು ಫೋನಿನಲ್ಲಿ ಹೇಳಲಿಲ್ಲ, ಸುಮ್ಮನೆ ಅತ್ತಳು.

ಹೊಳೆಯಾಚೆಯ ಋಷ್ಯಮೂಕದ ಕಥೆ ಆಗ ನೆನಪಾಯಿತು. ರಾಮಲಕ್ಷ್ಮಣರನ್ನು ಕಂಡ ಸುಗ್ರೀವ ಶಿಖರದಿಂದ ಶಿಖರಕ್ಕೆ ಹಾರಿ ಓಡಿದ. ಹನುಮಂತನನ್ನು ಮಾರುವೇಷದಲ್ಲಿ ಕಳಿಸಿದ. ಅಗ್ನಿಸಾಕ್ಷಿಯಾಗಿ ಸಖ್ಯವಾದ ಮೇಲೂ ಅವನಿಗೆ ಶಂಕೆ. ದುಂದುಭಿಯ ಅಸ್ಥಿಪಂಜರವನ್ನು ರಾಮ ಕಾಲಬೆರಳಿನಿಂದ ಹತ್ತು ಯೋಜನ ಚಿಮ್ಮಿದರೆ, ‘ಈಗೇನೋ ಒಣಗಿದೆ, ವಾಲಿ ಎಸೆದಾಗ ಮಾಂಸವಿತ್ತು’ ಎಂದು ತಕರಾರು! ಏಳು ಸಾಲವೃಕ್ಷಗಳನ್ನು ಒಂದೇ ಬಾಣದಿಂದ ಭೇದಿಸಿದ ಮೇಲೆಯೇ ಸಮಾಧಾನ. ಇಷ್ಟು ವರ್ಷ ತರಗತಿಯಲ್ಲಿ ಈ ಪ್ರಸಂಗವನ್ನು ಸುಗ್ರೀವನ ಅಲ್ಪತನಕ್ಕೆ ಉದಾಹರಣೆಯಾಗಿ ಹೇಳುತ್ತ ಬಂದಿದ್ದೆ. ಓಡಿಸಲ್ಪಟ್ಟವನಿಗೆ ಶಂಕೆಯಲ್ಲದೆ ಮತ್ತೇನು ಆಸ್ತಿ ಉಳಿದೀತು ಎಂಬುದು ಹೊಳೆದಿರಲಿಲ್ಲ.

ಮಗಳ ಅಪ್ಪಣೆಯಂತೆ ಹೊಸ ಪಾಠ ಆರಂಭವಾಯಿತು. ತೊಟ್ಟು ಬಿಟ್ಟ ಬನಿಯನ್ನಿನ ತುಂಡನ್ನು ಗೂಡಿನಲ್ಲಿಟ್ಟೆ, ನನ್ನ ವಾಸನೆ ರೂಢಿಯಾಗಲೆಂದು. ಹಗಲು ಅವು ಮಲಗಿದ ಚೀಲವನ್ನೇ ಎದೆಗೆ ಕಟ್ಟಿಕೊಂಡು ಉತ್ತರಪತ್ರಿಕೆ ತಿದ್ದಿದೆ. ಬಾಗಿಲಿಗೆ ಬಂದ ಅಂಚೆಯವನು ಕೈ ಮುರಿದಿದೆಯೆಂದು ತಿಳಿದು ಮರುಗಿದ. ಬೆರಳ ತುದಿಗೆ ಜೇನು ಸವರಿ ಚಾಚಬೇಕು, ಕಚ್ಚಿದರೂ ಹಿಂದೆಗೆಯಬಾರದು. ಹಿಂದೆಗೆದರೆ, ಕಚ್ಚಿದರೆ ಶತ್ರು ಓಡುತ್ತಾನೆಂಬ ಪಾಠವನ್ನು ನಾವೇ ಕಲಿಸಿದಂತೆ. ಈ ಉಪಾಯ ನಮ್ಮ ಕಡೆಗೆ ಹೊಸದಲ್ಲ. ದರೋಜಿಯ ಕರಡಿಧಾಮದಲ್ಲಿ ಬಂಡೆಗಳಿಗೆ ಬೆಲ್ಲ, ಜೇನು ಬಳಿದು ಬರುತ್ತಾರೆ. ಸಂಜೆಯ ಹೊತ್ತಿಗೆ ಕರಡಿಗಳು ಗುಡ್ಡದಿಂದ ಇಳಿದು ನೆಕ್ಕುತ್ತವೆ. ಆದರೆ ಅಲ್ಲಿ ಬಳಿದವರು ಹೊರಟುಹೋಗುತ್ತಾರೆ. ಇಲ್ಲಿ ಬಂಡೆಯೂ ನಾನೇ.

ಇವು ರಾತ್ರಿಯ ಜೀವಗಳು, ಎಚ್ಚರವಿದ್ದಾಗ ಜೊತೆಗಿರಬೇಕು. ಹೀಗಾಗಿ ಒಂದು ರಾತ್ರಿ ಒಂದೂವರೆಗೆ ಎದ್ದು ಹಜಾರಕ್ಕೆ ಬಂದೆ. ಕತ್ತಲಲ್ಲಿ ಪಂಜರದ ಪಕ್ಕದಲ್ಲಿ ಯಾರೋ ಕುಳಿತಿದ್ದರು. ಅವ್ವ.

“ಇನ್ನೂ ಮಲಗಿಲ್ಲೇನು?” ಎಂದೆ.

“ಒಂದು ಗಂಟೆಗೆ ಎಚ್ಚರ ಆಗ್ತದಪ್ಪ. ಆಮ್ಯಾಲೆ ಎಲ್ಲಿ ನಿದ್ದಿ” ಎಂದಳು. ಎಂದಿನಿಂದ ಎಂದು ಕೇಳಿದೆ. “ನಿಮ್ಮಪ್ಪ ಹೋದಾಗಿಂದ” ಎಂದಳು.

ತಂದೆ ತೀರಿ ಆರು ವರ್ಷವಾಗಿತ್ತು. ಗೋಡೆಯ ಈಚೆ ಅಷ್ಟು ವರ್ಷವೂ ನಾನು ಗೊರಕೆ ಹೊಡೆಯುತ್ತಿದ್ದೆ. ಸಂಡೂರಿನ ಕಡೆಯಿಂದ ಅದಿರಿನ ಲಾರಿಯೊಂದು ಕಿಟಕಿ ಅದುರಿಸುತ್ತ ಹೋಯಿತು. ಹಕ್ಕ ಗರಗಸ ಎಳೆದ. “ಏನಿಲ್ಲೋ, ಲಾರಿ” ಎಂದಳು ಅವ್ವ, ಮೆಲ್ಲಗೆ. ಅವನು ಸುಮ್ಮನಾದ. ನನಗೆ ಇಲ್ಲದ ಮರ್ಯಾದೆ!

ಎರಡು ವಾರದಿಂದ ಅವಳು ಏನೂ ಮಾಡದೆ ಅಲ್ಲಿ ಕುಳಿತಿದ್ದಳು. ಏನೂ ಮಾಡದಿದ್ದುದೇ ಕೆಲಸ ಮಾಡಿತ್ತು. ಮರುದಿನದಿಂದ ಅವಳ ಸೊಳ್ಳೆಪರದೆಯೇ ನಮ್ಮ ಪಾಠಶಾಲೆ. ಮಂಚದ ಸುತ್ತ ಪರದೆ ಸಿಕ್ಕಿಸಿ, ಒಳಗೆ ಅವ್ವನೂ ನಾನೂ ಕುಳಿತು, ಪಂಜರದ ಬಾಗಿಲನ್ನು ಒಳಮುಖಕ್ಕೆ ತೆರೆದಿಡುವುದು. ಹಿಡಿಯುವುದಿಲ್ಲ, ಕರೆಯುವುದಿಲ್ಲ. ತಮ್ಮ ನಾಡಿನಲ್ಲಿ ಇವು ಜಾಲಿಯ ಜಾತಿಯ ಮರಗಳ ಅಂಟನ್ನು ತಿನ್ನುತ್ತವೆ ಎಂದು ನಾನು ಓದಿ ಹೇಳಿದಾಗ ಅವ್ವನ ಮುಖ ಅರಳಿತು. “ಹಂಗಾದ್ರ ಬಾಣಂತಿ ಊಟ ಉಣ್ಣೋ ಪ್ರಾಣಿ ಅನ್ನು!” ನಾನು ಹುಟ್ಟಿದಾಗ ಕಂಪ್ಲಿಯ ತವರಿನಲ್ಲಿ ಅವಳ ತಾಯಿ ಕಟ್ಟಿದ ಅಂಟಿನುಂಡೆಯ ವಿವರ ಅಂದು ನಾಲ್ಕು ಗಂಟೆಯವರೆಗೆ ನಡೆಯಿತು. ಅಷ್ಟರಲ್ಲಿ ಬುಕ್ಕ ನನ್ನ ಮೊಳಕಾಲು ಹತ್ತಿ, ಬೆರಳನ್ನು ಮೂಸಿ, ಕಚ್ಚದೆ ಇಳಿದುಹೋದ. ನಾನು ಉಸಿರು ಬಿಟ್ಟಿರಲಿಲ್ಲ. ಹಕ್ಕ ಮಾತ್ರ ಟವೆಲನ್ನು ಮರೆಯಲು ಇನ್ನೂ ಎರಡು ತಿಂಗಳು ತೆಗೆದುಕೊಂಡ.

ಒಂದು ಮಾತು ಹೇಳಲೇಬೇಕು. ಬಯಸಿ ಕೊಳ್ಳುವವರಿಗೆ ಇವುಗಳ ಆಯುಷ್ಯ 10–12 ವರ್ಷವೆಂದಾಗಲಿ, ಒಂಟಿಯಾಗಿ ಇರಿಸಬಾರದೆಂದಾಗಲಿ, ಸುಣ್ಣದಂಶ ಸಾಲದೆ ಹೋದರೆ ಹಿಂಗಾಲು ಬಿದ್ದುಹೋಗುತ್ತದೆಂದಾಗಲಿ ಮಾರುವವರು ಹೇಳುತ್ತಾರೆಯೆ? ನನ್ನ ಮಗಳಿಗೆ ಹೇಳಿರಲಿಲ್ಲ. ಕಾಡಿನಲ್ಲಿರಬೇಕಾದುದನ್ನು ಪಂಜರದಲ್ಲಿಟ್ಟು, ಆಮೇಲೆ ಅದರ ಸ್ನೇಹ ಬೇಡುವುದು ಅಷ್ಟೇನೂ ಮರ್ಯಾದೆಯ ವ್ಯವಹಾರವಲ್ಲ ಎಂದು ಅವಳಿಗೆ ಹೇಳಿದೆ. ಅವಳು ಒಪ್ಪಿದಳು. ಆದರೆ ಬಂದಾಗಿದೆಯಲ್ಲ, ಏನು ಮಾಡೋಣ ಎಂದಳು.

ಯುಗಾದಿಗೆ ಮುಂಚೆ ಅವಳಿಗೆ ಮನೆ ಸಿಕ್ಕಿತು. ಒಯ್ಯಲು ಬಂದವಳನ್ನು ಕಂಡು ಹಕ್ಕ ಗರಗಸ ಎಳೆದ. ನಾಲ್ಕು ತಿಂಗಳಲ್ಲಿ ಅವಳೇ ಪರಕೀಯಳಾಗಿದ್ದಳು, ಕಣ್ಣು ತುಂಬಿಕೊಂಡಳು. ಅವ್ವ ಎದ್ದು ಹೋಗಿ, ಉಟ್ಟು ಬಿಟ್ಟ ಹಳೆಯ ಸೀರೆಯ ಸೆರಗನ್ನು ಹರಿದು ತಂದು ಗೂಡಿನಲ್ಲಿ ಹಾಸಿದಳು. “ಇದನ್ನ ಒಗೀಬ್ಯಾಡ” ಎಂದಳು ಮೊಮ್ಮಗಳಿಗೆ.

ಪಂಜರವಿದ್ದ ಜಾಗದಲ್ಲಿ ಈಗ ನನ್ನ ಕುರ್ಚಿ ಇದೆ. ಅಲಾರಂ ಇಲ್ಲದೆಯೇ ಒಂದೂವರೆಗೆ ಎಚ್ಚರವಾಗುತ್ತದೆ. ಚಿಕ್ಕವಳಿದ್ದಾಗ ಹರಿಗೋಲಿನಲ್ಲಿ ಹೊಳೆ ದಾಟುವಾಗ ಮಳೆ ಹಿಡಿದ ಕಥೆಯನ್ನು ಅವ್ವ ಮೊನ್ನೆ ನಡುವೆಯೇ ನಿಲ್ಲಿಸಿ ತೂಕಡಿಸಿಬಿಟ್ಟಳು. ಇವತ್ತು ರಾತ್ರಿ ದಡ ಸೇರಿಸುತ್ತಾಳಂತೆ.